ವಾರಕ್ಕೆ ನಾಲ್ಕು ಒಪ್ಪತ್ತು

ಜಯಕ್ಕಾ,

ಬೈಯಬೇಕು ಅನ್ನಿಸಿದರೆ ಮೊದಲು ಪೂರ್ತಿ ಓದು, ಆಮೇಲೆ ಬೈ. ನೀನು ಇದ್ದಾಗ ನಿನಗೆ ಒಂದು ಸಾಲು ಬರೆದವನಲ್ಲ ನಾನು. ಫೋನ್ ಮಾಡಿದರೂ "ಊಟ ಆಯ್ತಾ, ಭಾವ ಚೆನ್ನಾಗವ್ರಾ, ಸರಿ ಇಡ್ತೀನಿ" ಅಷ್ಟಕ್ಕೇ ಮುಗಿಸುತ್ತಿದ್ದೆ. ನೀನು ಹೋಗಿ ಮೂರು ವರ್ಷವಾದ ಮೇಲೆ ಈಗ ಡ್ರೈವಿಂಗ್ ಸ್ಕೂಲಿನ ಹಾಜರಿ ಪುಸ್ತಕದಿಂದ ಹಾಳೆ ಹರಿದುಕೊಂಡು ಕೂತಿದ್ದೇನೆ. ಹೌದು, ನಿನ್ನ ತಮ್ಮ ಮಾದೇಶ ಮದ್ದೂರಿನಲ್ಲಿ ಕಾರು ಕಲಿಸುವ ಮೇಷ್ಟ್ರಾಗಿದ್ದಾನೆ. ಸೈಕಲ್ಲಿನಲ್ಲಿ ನಿನ್ನನ್ನು ಕೂರಿಸಿಕೊಂಡು ಹೋಗಿ ನಾಲೆಗೆ ಬೀಳಿಸಿದವನ ಕೈಗೆ ತಾಲ್ಲೂಕಿನ ಹುಡುಗ ಹುಡುಗಿಯರನ್ನೆಲ್ಲ ಒಪ್ಪಿಸಿದ್ದಾರೆ.

ಇನ್ನೊಂದು ಸುದ್ದಿ, ನನ್ನ ಮದುವೆ. ಕಳೆದ ಮಾಘದಲ್ಲಿ ಆಯಿತು. ಹುಡುಗಿಯ ಹೆಸರು ಭವ್ಯ, ಮಳವಳ್ಳಿ ಕಡೆಯ ಹಳ್ಳಿ, ರೇಷ್ಮೆ ಹುಳ ಸಾಕುವ ಮನೆ. ಬಿ.ಕಾಂ. ಓದಿದ್ದಾಳೆ, ಮದ್ದೂರಿನಲ್ಲೇ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ. ಅವಳ ವಿಷಯವೇ ನಿನಗೆ ಹೇಳಬೇಕಾದದ್ದು. ಅಕ್ಕನ ಮುಂದೆ ತಮ್ಮ ಆಡುವ ಮಾತಲ್ಲ ಅಂತ ನನಗೂ ಗೊತ್ತು. ನಾಲ್ಕು ಸಲ ಶುರು ಮಾಡಿ ನಾಚಿಕೆಯಾಗಿ ಹರಿದು ಹಾಕಿದೆ. ಆದರೆ ಇನ್ಯಾರಿಗೆ ಹೇಳಲಿ? ಇದು ಅರ್ಥವಾಗುವುದು ನಿನಗೊಬ್ಬಳಿಗೇ.

ಮುತ್ತತ್ತಿಗೆ ಹೋಗಿದ್ದ ಆ ಭಾನುವಾರ ನೆನಪಿದೆಯಾ? ನಿನ್ನ ಮದುವೆಯಾಗಿ ಎರಡನೇ ವರ್ಷ. ಹನುಮಪ್ಪನಿಗೆ ಕೈಮುಗಿದು ಬಂದು ಹೊಳೆ ದಂಡೆಯಲ್ಲಿ ಕಲ್ಲು ಜೋಡಿಸಿ ಕೋಳಿ ಸಾರು ಬೇಯಿಸಿದ್ದೆವು. ನೀನು ಮುಟ್ಟಲೇ ಇಲ್ಲ. ಅಲ್ಲೇ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತುಕೊಂಡು, ಇನ್ನು ಮೇಲೆ ಶನಿವಾರದ ಜೊತೆಗೆ ಸೋಮವಾರವೂ ಒಪ್ಪತ್ತು ಅಂತ ಹೇಳಿದೆ ನೀನು. ಆಮೇಲೆ ಗುರುವಾರ ರಾಯರಿಗೆ ಅಂತ ಸೇರಿತು, ಶುಕ್ರವಾರ ಲಕ್ಷ್ಮಿಗೆ ಅಂತ ಸೇರಿತು. ಹಗಲೆಲ್ಲ ಬರೀ ಕಾಪಿ, ಸಂಜೆ ಪೂಜೆ ಮುಗಿದ ಮೇಲೆ ಒಂದೇ ಊಟ, ಮಲಗುವುದು ದೇವರ ಕೋಣೆ ಮುಂದೆ ಒಂಟಿ ಚಾಪೆ ಹಾಸಿಕೊಂಡು. ಆವತ್ತು ಭಾವ ನಗುತ್ತಾ, "ನಿಮ್ಮಕ್ಕನ ಕ್ಯಾಲೆಂಡರಲ್ಲಿ ರಜದ ದಿನಾನೇ ಜಾಸ್ತಿ ಕಣ್ಲಾ" ಅಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ನೀನು ಹೊಳೆಯ ಕಡೆ ಮುಖ ತಿರುಗಿಸಿಕೊಂಡೆ.

ನಾಲ್ಕನೇ ವರ್ಷ ಆಷಾಢದಲ್ಲಿ ನೀನು ಒಬ್ಬಳೇ ಬ್ಯಾಗು ಹಿಡಿದು ಬಸ್ಸಿಳಿದು ಬಂದಾಗ ಅವ್ವನಿಗೆ ಗಾಬರಿ. ಹೊಸ ಮದುವಣಗಿತ್ತಿ ಆಷಾಢದಲ್ಲಿ ಗಂಡನ ಮನೆಯಲ್ಲಿ ಇರಬಾರದು, ತವರಿಗೆ ಬರಬೇಕು. ಆದರೆ ಅದು ಮೊದಲ ವರ್ಷಕ್ಕೆ ಮಾತ್ರ. "ಮದ್ವೆ ಆಗಿ ನಾಕೊರ್ಸ ಆದ್ಮೇಲೆ ಇದ್ಯಾವ ಆಸಾಡ ಕಣವ್ವ, ಊರೋರು ಏನಂದಾರು?" ಅಂತ ಅವ್ವ ಕೇಳಿದಳು. ನೀನು ಅಡುಗೆಮನೆಯಲ್ಲಿ ಅವ್ವನಿಗೆ ಹೇಳಿದ ಮಾತು ನಾನು ಕೇಳಿಸಿಕೊಂಡೆ ಅಕ್ಕ. ಕೇಳಿಸಿಕೊಂಡೆ. ಏಳು ವರ್ಷದಿಂದ ಕೇಳಿಸಿಲ್ಲ ಅಂತಲೇ ನಟಿಸಿದ್ದೇನೆ. "ಬ್ಯಾಡ ಅಂದ್ರೂ ಬುಡಕಿಲ್ಲ ಕಣವ್ವ. ಈ ಮೈ ನಂದು ಅಂತ್ಲೇ ಅನ್ಸಕಿಲ್ಲ" ಅಂದೆ ನೀನು. ಅವ್ವ ದನಿ ತಗ್ಗಿಸಿ, "ಕುಡಿಯಕಿಲ್ಲ, ಹೊಡಿಯಕಿಲ್ಲ, ಸಂಬಳ ತಂದು ಕೈಗಾಕ್ತನೆ. ಗಂಡ ಅಂದ್ಮೇಲೆ ಇದ್ದದ್ದೇ. ಯಾರ ಮುಂದಾನಾ ಹೇಳ್ಬುಟ್ಟೀಯ" ಅಂದಳು. ನಾನು ಜಗಲಿಯ ಪಕ್ಕದಲ್ಲಿ ಬೈಕು ಒರೆಸುತ್ತಿದ್ದವನು ಎದ್ದು, ಸ್ಟಾರ್ಟ್ ಮಾಡಿ, ಸುಮ್ಮಸುಮ್ಮನೆ ಎರಡು ಸಲ ಎಕ್ಸಲೇಟರ್ ತಿರುಗಿಸಿದೆ. ಮುಂದಿನ ಮಾತು ಕಿವಿಗೆ ಬೀಳದಿರಲಿ ಅಂತ.

ಮಾರನೇ ದಿನ ನಿನ್ನನ್ನು ಮಂಡ್ಯಕ್ಕೆ, ಭಾವನ ಮನೆಗೆ ಬಿಟ್ಟು ಬಂದವನೂ ನಾನೇ ತಾನೆ? ಬೆಸಗರಹಳ್ಳಿ ದಾಟಿದೆವು. ಮದ್ದೂರಿನಲ್ಲಿ ಕಾಪಿ ಕುಡಿಯೋಣ ಅಂತ ನಿಲ್ಲಿಸಿದೆ. ನೀನು ಲೋಟ ಹಿಡಿದುಕೊಂಡು, "ಲೇ ಮಾದೇಸ, ನಿನ್ನೆ ನೀನು..." ಅಂದೆ. "ಏನಕ್ಕ?" ಅಂತ ಕೇಳಿದೆ ನಾನು, ಎಷ್ಟು ಚೆನ್ನಾಗಿ ಕೇಳಿದೆ ಅಂದರೆ ನನಗೇ ನಂಬಿಕೆ ಬರುವ ಹಾಗೆ. "ಏನಿಲ್ಲ ಬುಡು" ಅಂದುಬಿಟ್ಟೆ ನೀನು. ಆವತ್ತು ನಾನು ಬೈಕು ತಿರುಗಿಸಿ ವಾಪಸ್ ಬೆಸಗರಹಳ್ಳಿ ರಸ್ತೆಗೆ ಬಿಟ್ಟಿದ್ದರೆ... ಇರಲಿ. ಬಿಡಲಿಲ್ಲವಲ್ಲ.

ಡೆಂಗಿ ಜ್ವರ ಅಂತ ನಿನ್ನನ್ನು ಆಸ್ಪತ್ರೆಗೆ ಸೇರಿಸಿದ ದಿನ ನಿನಗೆ ಪ್ರಜ್ಞೆ ಸರಿಯಾಗಿ ಇರಲಿಲ್ಲ, ಆದ್ದರಿಂದ ಇದು ನಿನಗೆ ಗೊತ್ತಿರಲಾರದು. ಡಾಕ್ಟರಮ್ಮ ರಿಪೋರ್ಟು ನೋಡಿ, "ಜ್ವರ ಹಾಗಿರ್ಲಿ, ಇವರ ಮೈಯಲ್ಲಿ ರಕ್ತಾನೇ ಇಲ್ವಲ್ರೀ. ಏನು ತಿಂತಿದ್ರು?" ಅಂತ ಕೇಳಿದರು. ಭಾವ ತಲೆ ಎತ್ತಿ, "ವಾರಕ್ಕೆ ನಾಲ್ಕು ದಿನ ಒಪ್ಪತ್ತು ಮೇಡಂ, ದೈವಭಕ್ತಿ ಜಾಸ್ತಿ" ಅಂದರು. ತಿಥಿಯ ದಿನವೂ ಬಂದವರೆಲ್ಲ ಅದನ್ನೇ ಆಡಿಕೊಂಡರು, ಎಂಥ ಭಕ್ತೆ, ದೇವರೇ ಬೇಗ ಕರೆಸಿಕೊಂಡ ಅಂತ. ನಾನೂ ತಲೆಯಾಡಿಸಿದೆ. ನಿನ್ನ ಫೋಟೋದ ಕೆಳಗೆ ಹನುಮಪ್ಪನ ಚಿಕ್ಕ ಪಟ ಇಟ್ಟವನೂ ನಾನೇ.

ನನ್ನ ಮದುವೆಯ ದಿನ ಧಾರೆ ಮುಗಿದ ಮೇಲೆ ನಿನ್ನ ಫೋಟೋ ಮುಂದೆ ನಿಂತು ಮನಸ್ಸಿನಲ್ಲೇ ಅಂದುಕೊಂಡೆ, ನಾನು ಭಾವನ ಥರ ಆಗಲ್ಲ ಅಕ್ಕ ಅಂತ. ಆಗಲಿಲ್ಲ ಅಂತಲೇ ನಂಬಿದ್ದೆ ಕೂಡ. ನಾನು ಕುಡಿಯುವುದಿಲ್ಲ. ಕೈ ಎತ್ತಿದವನಲ್ಲ. ಶುಕ್ರವಾರ ಮಲ್ಲಿಗೆ ತರುತ್ತಿದ್ದೆ, ಭವ್ಯಳ ಜೊತೆ ನಿಂತು ಪಾತ್ರೆಯನ್ನೂ ತೊಳೆದಿದ್ದೇನೆ, ಪಕ್ಕದ ಮನೆಯವರು ಆಡಿಕೊಂಡರೂ. ಅವಳು ಯಾವತ್ತೂ ನನಗೆ ಬೇಡ ಅಂದವಳಲ್ಲ ಅಂತ ನನ್ನ ಲೆಕ್ಕ. ತಲೆನೋವು ಅನ್ನುತ್ತಿದ್ದಳು. ಬೆಳಿಗ್ಗೆ ಬೇಗ ಏಳಬೇಕು ಅನ್ನುತ್ತಿದ್ದಳು. ಗೋಡೆಯ ಕಡೆ ತಿರುಗುತ್ತಿದ್ದಳು. ಹೊಸದರಲ್ಲಿ ಹೆಂಗಸರು ಹಾಗೇ ಅಂತ ಗೆಳೆಯರು ಹೇಳಿದ್ದರು, ನಾನು ಅದನ್ನು ನಂಬಿದೆ. ನಂಬುವುದು ಅನುಕೂಲವಾಗಿತ್ತು ಅಕ್ಕ, ಅದಕ್ಕೇ ನಂಬಿದೆ.

ಮದುವೆಯಾಗಿ ಎರಡನೇ ತಿಂಗಳಲ್ಲಿ ಭವ್ಯ ಶನಿವಾರ ಹಿಡಿದಳು. ಯುಗಾದಿ ಕಳೆದ ಮೇಲೆ ಸೋಮವಾರ. ಆಷಾಢಕ್ಕೆ ತವರಿಗೆ ಹೋಗುವ ಮುಂಚೆ ಗುರುವಾರವೂ ಸೇರಿಕೊಂಡಿತ್ತು. ಅವ್ವನಿಗೆ ಸಂತೋಷವೋ ಸಂತೋಷ. "ನಮ್ಮ ಜಯನ ಥರಾನೇ ಕಣಪ್ಪ ನಿನ್ನೆಂಡ್ತಿ, ಅವಳೇ ತಿರುಗಿ ಬಂದಂಗದೆ" ಅಂತ ಬೀದಿಗೆಲ್ಲ ಹೇಳಿದಳು. ನನಗೂ ಹೆಮ್ಮೆ. ನಮ್ಮ ಡ್ರೈವಿಂಗ್ ಸ್ಕೂಲಿನ ಓನರ್ ಹತ್ತಿರ ಹೆಂಡತಿಯ ಭಕ್ತಿ ಬಗ್ಗೆ ಜಂಬ ಕೊಚ್ಚಿಕೊಂಡಿದ್ದೆ. ಈಗ ಅದನ್ನು ನೆನೆಸಿಕೊಂಡರೆ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಆಷಾಢದ ಕೊನೆಯ ವಾರ ಒಂದು ಬೆಳಿಗ್ಗೆ ಬೆಸಗರಹಳ್ಳಿ ರಸ್ತೆಯಲ್ಲಿ ಪಾಠ ನಡೆಯುತ್ತಿತ್ತು. ಸ್ಟೇರಿಂಗ್ ಹಿಡಿದಿದ್ದವನು ಮನೋಜ, ಡಿಪ್ಲೊಮಾ ಮುಗಿಸಿದ ಹುಡುಗ, ಇಪ್ಪತ್ತೆರಡು ವರ್ಷ. ಹಿಂದಿನ ಸೀಟಿನಲ್ಲಿ ತನ್ನ ಸರದಿ ಕಾಯುತ್ತಾ ಕೂತಿದ್ದವಳು ಚಂದನಾ. ಕಾರ್ತೀಕದಲ್ಲಿ ಅವಳ ಮದುವೆ. ಅವಳು ಫೋನಿನಲ್ಲಿ ಏನೋ ಸುದ್ದಿ ಓದಿ, ಗಂಡ ಒತ್ತಾಯ ಮಾಡಿದರೂ ತಪ್ಪೇ ಅಂತ ವಾದ ನಡೀತಿದೆಯಂತೆ ಅಂದಳು. ಮನೋಜ ನಕ್ಕ. "ತಾಳಿ ಕಟ್ಟಿದ್ಮೇಲೆ ಕೇಳದೇನದೆ? ದಿನಾ ಅರ್ಜಿ ಹಾಕ್ಬೇಕಾ?" ಅಂದ. ಕೆಟ್ಟ ಹುಡುಗನಲ್ಲ ಅಕ್ಕ ಅವನು. ತಂಗಿಯ ಕಾಲೇಜು ಫೀಸಿಗೆ ಅಂತ ಭಾನುವಾರವೂ ದುಡಿಯುತ್ತಾನೆ. ಆದರೆ ಆ ಮಾತನ್ನು ಗೇರು ಬದಲಾಯಿಸುವಷ್ಟು ಸಲೀಸಾಗಿ ಆಡಿದ. ನಾನೂ ನಗಲು ಬಾಯಿ ತೆರೆದಿದ್ದೆ, ಸುಳ್ಳು ಯಾಕೆ ಹೇಳಲಿ.

ಆಗ ಚಂದನಾ ಹೇಳಿದಳು. "ನಂಗೇನ್ ಭಯ ಇಲ್ಲಪ್ಪ. ನಮ್ಮತ್ತಿಗೆ ಹೇಳ್ಕೊಟ್ಟವ್ರೆ. ಬ್ಯಾಡ ಅಂದ್ರೆ ಯಾಕೆ ಅಂತಾರೆ, ಯಾರಾದ್ರೂ ಇದ್ದಾರಾ ಅಂತಾರೆ. ಒಪ್ಪತ್ತು ಅಂದ್ಬುಟ್ರೆ ಯಾರೂ ತುಟಿಪಿಟಕ್ ಅನ್ನಲ್ಲ. ಮೊದ್ಲು ಶನಿವಾರ ಹಿಡ್ಕೋ, ಸಾಲ್ದಿದ್ರೆ ಸೋಮವಾರ ಸೇರಿಸ್ಕೋ ಅಂದವ್ರೆ." ತಮಾಷೆಗೆ ಹೇಳಿದ ಹಾಗೆ ಹೇಳಿದಳು. ಕಲಿಸುವ ಕಾರಿನಲ್ಲಿ ನನ್ನ ಕಾಲ ಕೆಳಗೂ ಒಂದು ಬ್ರೇಕು ಇರುತ್ತದೆ. ಗೊತ್ತಿಲ್ಲದೆ ಅದನ್ನು ತುಳಿದುಬಿಟ್ಟೆ, ಕಾರು ನಡುರಸ್ತೆಯಲ್ಲಿ ನಿಂತುಹೋಯಿತು. "ಏನ್ ಸಾರ್, ನಾನೇನ್ ತಪ್ ಮಾಡ್ದೆ?" ಅಂತ ಮನೋಜ ಕೇಳಿದ. ನಾನು ಬೆರಳು ಮಡಚುತ್ತಾ ಕೂತಿದ್ದೆ. ಶನಿವಾರ, ಸೋಮವಾರ, ಗುರುವಾರ. ಮೊದಲು ನಿನ್ನ ವಾರಗಳು. ಆಮೇಲೆ ಭವ್ಯಳವು.

ನಮ್ಮ ಮನೆಯಲ್ಲಿ ದೇವರು ಬೇಡ ಅಂದರೆ ಗಂಡಸರು ಕೇಳುತ್ತೇವೆ. ಆಷಾಢ ಬೇಡ ಅಂದರೆ ಒಂದು ತಿಂಗಳು ಕೇಳುತ್ತೇವೆ. ಹೆಂಡತಿ ಹೇಳಿದರೆ ಮಾತ್ರ ಯಾಕೆ ಕಿವಿಗೆ ಹೋಗುವುದಿಲ್ಲ? ನೀನು ಹೊಟ್ಟೆ ಕಟ್ಟಿ ಒಂದೊಂದು ರಾತ್ರಿ ಗಿಟ್ಟಿಸಿಕೊಳ್ಳುತ್ತಿದ್ದೆ, ನಾವು ಅದನ್ನು ಭಕ್ತಿ ಅಂದೆವು. ನಾನು, ಅವ್ವ, ಊರು ಎಲ್ಲ ಸೇರಿ.

ಶ್ರಾವಣ ಹುಟ್ಟಿದ ಮೂರನೇ ದಿನ ಭವ್ಯಳನ್ನು ಕರೆದುಕೊಂಡು ಬರಲು ಹೋದೆ. ಅವಳು ಹುಳದ ಮನೆಯಲ್ಲಿ ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಳು. ಹುಳಗಳು ಸೊಪ್ಪು ಮೇಯುವ ಸದ್ದು ಬಿಟ್ಟರೆ ಅಲ್ಲಿ ಬೇರೆ ಸದ್ದಿರಲಿಲ್ಲ. ಬಾಗಿಲಲ್ಲೇ ನಿಂತು, "ವಾರ ಯಾಕೆ ಹಿಡಿದೆ?" ಅಂತ ಕೇಳಿದೆ. "ದೇವ್ರಿಗೆ" ಅಂದಳು, ತಲೆ ಎತ್ತದೆ. "ನಿಜ ಹೇಳು." ಅವಳು ಇನ್ನೊಂದು ಹಿಡಿ ಸೊಪ್ಪು ಹರಡಿದಳು. ನಾನು ನಿನ್ನ ವಿಷಯ ಹೇಳಿದೆ, ಅಡುಗೆಮನೆಯ ಮಾತು, ಬೈಕಿನ ಎಕ್ಸಲೇಟರು, ಎಲ್ಲ. ಅವಳ ಕೈ ನಿಂತಿತು.

"ನಾನೂ ಹೇಳಿದ್ದೆ. ಬ್ಯಾಡ ಅಂತ್ಲೇ ಹೇಳಿದ್ದೆ, ಮೂರು ಸಲ. ಯುಗಾದಿ ಹಿಂದಿನ ದಿನ ಅತ್ತೂ ಇದ್ದೆ. ನೀವು 'ಏನಾಗಲ್ಲ ಬಾ' ಅಂದ್ರಿ."

ನನಗೆ ನೆನಪಿರಲಿಲ್ಲ ಅಕ್ಕ. ಆಣೆ ಮಾಡಿ ಹೇಳುತ್ತೇನೆ, ನೆನಪಿರಲಿಲ್ಲ. ಅದೇ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು. ಅವಳಿಗೆ ದಿನ, ವಾರ ಎಲ್ಲ ನೆನಪಿದೆ, ನನಗೆ ಯುಗಾದಿಯ ಒಬ್ಬಟ್ಟು ಮಾತ್ರ ನೆನಪಿದೆ. ಆದರೂ ನೋಡು ನನ್ನ ಬುದ್ಧಿ. ತಪ್ಪಾಯಿತು ಅನ್ನುವ ಬದಲು ಸಿಟ್ಟು ಬಂತು. "ನಾನೇನು ಕುಡಿದು ಬಂದ್ನಾ? ಒಂದಿನ ಹೊಡೆದಿದ್ದೀನಾ?" ಅಂತ ಕೂಗಿದೆ. ಕೂಗಿದ ಮೇಲೆ ಗೊತ್ತಾಯಿತು, ಇದು ಅವ್ವ ನಿನಗೆ ಹೇಳಿದ ಮಾತು ಅಂತ.

ಭವ್ಯ ಕೂಗಲಿಲ್ಲ. "ಹೊಡೆದಿದ್ರೆ ಯಾರಿಗಾದ್ರೂ ತೋರಿಸ್ಬೋದಿತ್ತು" ಅಂದಳು. ಸೊಪ್ಪಿನ ಬುಟ್ಟಿ ಎತ್ತಿಕೊಂಡು ಮುಂದಿನ ತಟ್ಟೆಗೆ ಹೋದಳು. "ಇವತ್ತು ನಾನು ಬರಲ್ಲ. ಅಪ್ಪಂಗೆ ಹುಳ ಹಣ್ಣಾಗಿ ಗೂಡು ಕಟ್ಟೋಗಂಟ ಇರ್ತೀನಿ ಅಂತ ಹೇಳ್ತೀನಿ. ನೀವು ಹೋಗಿ."

ಹೆಂಡತಿಯನ್ನು ಕರೆಯಲು ಹೋದವನು ಖಾಲಿ ಬೈಕಿನಲ್ಲಿ ಬಂದರೆ ಊರು ಏನೆನ್ನುತ್ತದೆ ಅಂತ ನಿನಗೆ ಹೇಳಿಕೊಡಬೇಕಾ? ಬಾಗಿಲಲ್ಲೇ ಅವ್ವ, "ಯಾಕ್ಲಾ, ಎಲ್ಲವಳೆ?" ಅಂದಳು. ಹುಳ ಹಣ್ಣಾಗಬೇಕಂತೆ ಅಂತ ನಾನೂ ಹೇಳಬಹುದಿತ್ತು. ಹೇಳಲಿಲ್ಲ. ಅವ್ವನನ್ನು ಜಗಲಿ ಮೇಲೆ ಕೂರಿಸಿ, "ಆವತ್ತು ಅಕ್ಕ ನಿಂಗೆ ಹೇಳಿದ್ದು ನಾನು ಕೇಳಿಸ್ಕಂಡೆ ಕಣವ್ವ" ಅಂದೆ. ಅವಳ ಮುಖ ಸಣ್ಣದಾಯಿತು. "ಅಕ್ಕ ಹಿಡಿದಿದ್ದ ವಾರ ದೇವ್ರಿಗಲ್ಲ. ನನ್ನೆಂಡ್ತಿ ಹಿಡಿದಿರೋದೂ ಅಲ್ಲ." ಅವ್ವ ಸೆರಗು ಎಳೆದು ಮುಖ ಒರೆಸಿಕೊಂಡಳು. ಆಮೇಲೆ, "ನಮ್ಗೆಲ್ಲ ಹಂಗೇ ಆಗದು ಕಣ್ಲಾ. ನಾನೂ ಶನಿವಾರ ಹಿಡಿದಿದ್ದೆ, ನಿಮ್ಮಪ್ಪ ಇರಗಂಟ" ಅಂದಳು. ಅಷ್ಟು ಹೇಳಿ ಒಳಗೆ ಹೋಗಿ ಮಲಗಿದಳು, ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಅವಳಿಗೂ ಗೊತ್ತಿತ್ತಲ್ಲ ಅಕ್ಕ? ಗೊತ್ತಿದ್ದೂ ನಿನ್ನನ್ನು ನನ್ನ ಬೈಕ್ ಹತ್ತಿಸಿದಳಲ್ಲ? ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಅಂತ ನೋಡಿದೆ. ಆಗಲಿಲ್ಲ.

ಹನ್ನೆರಡು ದಿನ ನಾನು ಭವ್ಯಳಿಗೆ ಫೋನ್ ಮಾಡಲಿಲ್ಲ. ಒಂದೇ ಒಂದು ಮೆಸೇಜು ಕಳಿಸಿದೆ: "ನೀನು ಹೇಳಿದ್ದು ಸತ್ಯ. ತಪ್ಪು ನನ್ನದು. ಬರಲೇಬೇಕು ಅಂತಿಲ್ಲ." ಅವಳು ಓದಿದ್ದಾಳೆ ಅಂತ ತೋರಿಸಿತು, ಉತ್ತರ ಬರಲಿಲ್ಲ. ಮಾವ ಫೋನ್ ಮಾಡಿ, ಗಂಡ ಹೆಂಡಿರ ಜಗಳ ಇದ್ದದ್ದೇ, ಬಂದು ಕರ್ಕೊಂಡ್ ಹೋಗಪ್ಪ ಅಂದರು. ಜಗಳವಲ್ಲ ಮಾವ, ತಪ್ಪು ನನ್ನದೇ, ಅವಳನ್ನು ಒತ್ತಾಯ ಮಾಡಬೇಡಿ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಗಂಡಸು ತಾನಾಗಿ ತಪ್ಪು ಅಂದರೆ ಹೆಣ್ಣಿನದೇ ಏನೋ ದೊಡ್ಡ ತಪ್ಪಿರಬೇಕು ಅಂದುಕೊಂಡರೋ ಏನೋ.

ಹೋದ ಶುಕ್ರವಾರ ಭವ್ಯ ಬಸ್ಸಿನಲ್ಲಿ ಒಬ್ಬಳೇ ಬಂದಳು. ಬ್ಯಾಗು ಇನ್ನೂ ಕೈಯಲ್ಲಿತ್ತು. "ಕೆಲ್ಸಕ್ಕೆ ಇಲ್ಲಿಂದ ಹತ್ರ, ಅದಕ್ಕೆ ಬಂದಿದ್ದೀನಿ. ಅತ್ತೆ ಕೋಣೇಲಿ ಮಲಗ್ತೀನಿ. ಬ್ಯಾಡ ಅಂದ್ರೆ ಬ್ಯಾಡ, ಅಷ್ಟೇ. ದೇವ್ರ ಹೆಸರು ನನ್ನ ಬಾಯಲ್ಲಿ ಹೇಳಿಸ್ಬೇಡಿ" ಅಂದಳು. ಸರಿ ಅಂದೆ. ಕ್ಷಮಿಸಿದ್ದಾಳಾ? ಗೊತ್ತಿಲ್ಲ. ಕೇಳಲು ಬಾಯಿ ಬರುತ್ತಿಲ್ಲ. ನಾನು ಒಳಗೆ ಬಂದರೆ ಅವಳ ಭುಜ ಈಗಲೂ ಒಂದು ಕ್ಷಣ ಬಿಗಿಯಾಗುತ್ತದೆ. ಮೊದಲೂ ಹಾಗೇ ಆಗುತ್ತಿತ್ತೇನೋ, ಈಗ ನನಗೆ ಕಾಣಿಸುತ್ತಿದೆ. ಸ್ಕೂಲಿನಲ್ಲಿ ಮನೋಜನಿಗೆ, ಅರ್ಜಿ ಹಾಕಬೇಕಾ ಅಂತ ಕೇಳಿದ್ಯಲ್ಲ, ಹಾಕಬೇಕು ಕಣ್ಲಾ ಅಂದೆ. ನನಗೆ ತಲೆ ಕೆಟ್ಟಿದೆ ಅಂತ ಅವನು ಚಂದನಾಗೆ ಹೇಳಿದನಂತೆ.

ನಿನ್ನೆ ಶ್ರಾವಣ ಸೋಮವಾರ ಅಕ್ಕ. ಬೆಳಿಗ್ಗೆ ಎಂಟು ಗಂಟೆ, ಅವ್ವ ಒಲೆ ಮುಂದೆ ರಾಗಿ ರೊಟ್ಟಿ ತಟ್ಟುತ್ತಿದ್ದಳು. ಭವ್ಯ ಸ್ನಾನ ಮಾಡಿ ಬಂದು, ತಟ್ಟೆ ತಗೊಂಡು ನೆಲದ ಮೇಲೆ ಕೂತಳು. ಅವ್ವ ಅಭ್ಯಾಸದ ಮೇಲೆ, "ಇವತ್ತು ಸೋಮ್ವಾರ ಅಲ್ವೇನವ್ವ?" ಅಂದುಬಿಟ್ಟಳು. ನಾನು ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಿದ್ದವನು ಹಾಗೇ ನಿಂತೆ.

"ಹೌದು ಅತ್ತೆ" ಅಂದಳು ಭವ್ಯ. "ನಂಗೆ ಹಸಿವಾಯ್ತದೆ."

ಒಂದು ತಿಂದಳು. ಇನ್ನೊಂದು ಕೇಳಿದಳು. ಮೂರನೆಯದನ್ನು ಅವ್ವ ಕೇಳದೆಯೇ ಹಾಕಿ, ಅದರ ಮೇಲೆ ಬೆಣ್ಣೆ ಇಟ್ಟಳು. ಭವ್ಯ ತಿನ್ನುತ್ತಲೇ ಇದ್ದಳು, ಅವ್ವ ತಟ್ಟುತ್ತಲೇ ಇದ್ದಳು. ತಟ್ಟುತ್ತಾ ತಟ್ಟುತ್ತಾ, "ಇನ್ನೊಂದು ತಿನ್ನು ಜಯ, ಇನ್ನೊಂದು ತಿನ್ನು" ಅಂತ ಅಳುತ್ತಿದ್ದಳು.